ಇದು ನೌಕರಿ ಏನು? ಫಿಸಿಯಾಲಜಿ ಲ್ಯಾಬ್‌ನ ಜಾಹೀರಾತು ಓದುವ ಪಾಠ

ಹೋದ ಏಪ್ರಿಲ್‌ನಲ್ಲಿ ನಾವು ನಾಲ್ಕು ಮಂದಿ ಕಮಲಾಪುರಕ್ಕೆ ಹೋಗಿದ್ವಿ. ನಮ್ಮಲ್ಲಿ ಒಬ್ಬನ ಮನೆ ಅಲ್ಲೇ. ದಿನಾ ಬೆಳಿಗ್ಗೆ ಹುಮನಾಬಾದ್ ಕಡೆಯಿಂದ ಬರುವ ಬಸ್ ಹಿಡಿದು ಕಲಬುರಗಿಗೆ ಬರ್ತಾನೆ, ಲ್ಯಾಬ್ ಮುಗಿಸಿ ಸಂಜೆ ವಾಪಸ್ ಹೋಗ್ತಾನೆ. ಅವರ ಅಪ್ಪ ಕೆಂಪು ಬಾಳೆ ಬೆಳೀತಾರೆ, ಜಿಐ ಟ್ಯಾಗ್ ಸಿಕ್ಕಿರುವ ಅದೇ ಕಮಲಾಪುರದ ಕೆಂಪು ಬಾಳೆ. ಊಟ ಆದ ಮೇಲೆ ಹಣ್ಣು ತಿನ್ನುತ್ತಾ ಕೂತಿದ್ದಾಗ ಮೊಬೈಲ್‌ನಲ್ಲಿ ಒಂದು ಜಾಹೀರಾತು ತೋರಿಸಿದ್ವಿ. ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯ ಫಿಸಿಯಾಲಜಿ ಲ್ಯಾಬ್‌ಗೆ ಒಬ್ಬರು ಬೇಕಾಗಿದ್ರು. ಅರ್ಹತೆಯ ಸಾಲಿನಲ್ಲಿ ಎಂಎಸ್ಸಿ ಪಕ್ಕದಲ್ಲೇ ಬಿಇ ಅಂತಲೂ ಇತ್ತು.

ಅವರು ಮೂರೇ ಪ್ರಶ್ನೆ ಕೇಳಿದ್ರು.

"ನೀವು ಇಂಜಿನಿಯರ್ ಆಗೋರು. ಡಾಕ್ಟರ್ ಕೆಲಸಕ್ಕ ನಿಮ್ಮನ್ನ ಯಾಕ ಕರೀತಾರ?"

"ಒಂದು ವರ್ಷ ಅಂತ ಬರದಾರಲ್ಲ, ಆಮ್ಯಾಲ ಏನು?"

"ಇದು ನೌಕರಿ ಏನು, ಇಲ್ಲಾ ಇದೂ ಓದೋದೇ ಏನು?"

ಒಂದಕ್ಕೂ ನಮ್ಮ ಹತ್ತಿರ ನೆಟ್ಟಗಿನ ಉತ್ತರ ಇರಲಿಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ ಇದೇ ಮಾತು. ಆಮೇಲೆ ಸೀನಿಯರ್‌ಗಳನ್ನ ಕೇಳಿ, ಹತ್ತಾರು ಜಾಹೀರಾತು ಓದಿ ತಿಳಿದುಕೊಂಡದ್ದನ್ನ ಇಲ್ಲಿ ಬರೆದಿದ್ದೀವಿ. ನಾವು ಎರಡನೇ ವರ್ಷದವರು, ಇದನ್ನೆಲ್ಲ ಮಾಡಿ ಮುಗಿಸಿದವರಲ್ಲ. ಆದ್ರೆ ನಾಲ್ಕನೇ ವರ್ಷಕ್ಕೆ ಗೊತ್ತಾಗುವುದಕ್ಕಿಂತ ಈಗ ಗೊತ್ತಾಗುವುದು ಒಳ್ಳೆಯದು ಅನ್ನೋದು ಮಾತ್ರ ಖಾತ್ರಿ.

ಮೊದಲ ಪ್ರಶ್ನೆ: ಇಂಜಿನಿಯರ್‌ನ ಯಾಕೆ ಕರೀತಾರೆ?

ಫಿಸಿಯಾಲಜಿ ಅಂದ್ರೆ ಶರೀರಕ್ರಿಯಾ ವಿಜ್ಞಾನ. ದೇಹದ ಭಾಗಗಳು ಯಾವುವು ಅಂತ ಅನಾಟಮಿ ಹೇಳುತ್ತೆ, ಅವು ಹೇಗೆ ಕೆಲಸ ಮಾಡ್ತವೆ ಅಂತ ಫಿಸಿಯಾಲಜಿ ಹೇಳುತ್ತೆ. ಹೇಗೆ ಅಂತ ಕೇಳಿದ ಕೂಡಲೇ ಅಳೆಯಬೇಕಾಗುತ್ತೆ: ಒತ್ತಡ, ಹರಿವು, ವೋಲ್ಟೇಜ್, ತಾಪಮಾನ. ಈ ಪದಗಳೆಲ್ಲ ನಮ್ಮ ಸಿಲಬಸ್‌ನಲ್ಲೇ ಇವೆ.

ನಿಜ ಹೇಳಬೇಕಂದ್ರೆ ನಮ್ಮ ಸಿಲಬಸ್‌ನಲ್ಲಿ ಡಾಕ್ಟರ್‌ಗಳೂ ಇದ್ದಾರೆ, ನಮಗೆ ಯಾರೂ ಹೇಳಿರಲಿಲ್ಲ ಅಷ್ಟೇ. ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ಹೇಗನ್-ಪೊಯಿಸೆ ಸೂತ್ರ ಬರುತ್ತಲ್ಲ, ಆ ಪೊಯಿಸೆ ಫ್ರಾನ್ಸಿನ ವೈದ್ಯ. ರಕ್ತ ಸಣ್ಣ ನಾಳಗಳಲ್ಲಿ ಹೇಗೆ ಹರಿಯುತ್ತೆ ಅಂತ ತಿಳಿಯಲು ಗಾಜಿನ ಕೊಳವೆಗಳಲ್ಲಿ ಪ್ರಯೋಗ ಮಾಡಿ, 1840ರ ದಶಕದಲ್ಲಿ ಪ್ರಕಟಿಸಿದ. ಹರಿವು ತ್ರಿಜ್ಯದ ನಾಲ್ಕನೇ ಘಾತಕ್ಕೆ ಅನುಪಾತ ಅಂತ ನಾವು ಬಾಯಿಪಾಠ ಮಾಡ್ತೀವಿ. ಅದರ ಅರ್ಥ: ಒತ್ತಡ ಅಷ್ಟೇ ಇದ್ದು ನಾಳದ ತ್ರಿಜ್ಯ ಅರ್ಧ ಆದ್ರೆ ಹರಿವು ಹದಿನಾರನೇ ಒಂದು ಭಾಗಕ್ಕೆ ಇಳಿಯುತ್ತೆ. ಹೃದಯದ ರಕ್ತನಾಳ ಕಿರಿದಾದ್ರೆ ಡಾಕ್ಟರ್ ಯಾಕೆ ಗಾಬರಿ ಆಗ್ತಾರೆ ಅಂತ ಈ ಒಂದು ಸೂತ್ರದಿಂದಲೇ ಗೊತ್ತಾಗುತ್ತೆ.

ಡಿಫ್ಯೂಷನ್‌ನ ಫಿಕ್ ನಿಯಮ ಕೊಟ್ಟ ಅಡಾಲ್ಫ್ ಫಿಕ್ ಕೂಡ ಫಿಸಿಯಾಲಜಿಸ್ಟ್, ಅದು 1855ರ ಮಾತು. ಶಕ್ತಿ ಸಂರಕ್ಷಣೆಯ ಹೆಲ್ಮ್‌ಹೋಲ್ಟ್ಜ್ ಓದಿದ್ದು ವೈದ್ಯಕೀಯ. ಕಪ್ಪೆಯ ನರದಲ್ಲಿ ಸಂಕೇತ ಎಷ್ಟು ವೇಗದಲ್ಲಿ ಹೋಗುತ್ತೆ ಅಂತ ಮೊದಲು ಅಳೆದವನೂ ಅವನೇ. 1952ರಲ್ಲಿ ಹಾಡ್ಜ್‌ಕಿನ್ ಮತ್ತು ಹಕ್ಸ್‌ಲಿ ನರಕೋಶದ ಪೊರೆಯನ್ನ ಕೆಪಾಸಿಟರ್, ರೆಸಿಸ್ಟರ್, ಬ್ಯಾಟರಿ ಇರುವ ಸರ್ಕ್ಯೂಟ್ ಆಗಿ ಬರೆದು ಲೆಕ್ಕ ಹಾಕಿದ್ರು. 1963ರಲ್ಲಿ ಅವರಿಗೆ ನೊಬೆಲ್ ಸಿಕ್ಕಿತು, ಫಿಸಿಯಾಲಜಿ ಅಥವಾ ಮೆಡಿಸಿನ್ ವಿಭಾಗದಲ್ಲಿ.

ನಮ್ಮ ರಾಜ್ಯದ ಉದಾಹರಣೆ ಬೇಕಂದ್ರೆ ಜಿ. ಎನ್. ರಾಮಚಂದ್ರನ್. 1942ರಲ್ಲಿ ಅವರು ಬೆಂಗಳೂರಿನ ಐಐಎಸ್‌ಸಿ ಸೇರಿದ್ದು ಎಲೆಕ್ಟ್ರಿಕಲ್ ಇಂಜಿನಿಯರಿಂಗ್‌ಗೆ. ಅಲ್ಲಿಂದ ಸಿ. ವಿ. ರಾಮನ್ ಅವರ ಭೌತವಿಜ್ಞಾನ ವಿಭಾಗಕ್ಕೆ ಹೋದ್ರು, ಮುಂದೆ ಪ್ರೋಟೀನ್‌ಗಳ ರಚನೆಗೆ ಹೆಸರಾದ್ರು. 1971ರಲ್ಲಿ ಎ. ವಿ. ಲಕ್ಷ್ಮೀನಾರಾಯಣನ್ ಜೊತೆ ಸೇರಿ, ಹಲವು ಕೋನಗಳ ಎಕ್ಸ್‌ರೇಯಿಂದ ಒಳಗಿನ ಚಿತ್ರ ಕಟ್ಟುವುದಕ್ಕೆ ಕನ್ವಲ್ಯೂಷನ್ ಬಳಸುವ ದಾರಿ ತೋರಿಸಿದ್ರು. ಸಿಟಿ ಸ್ಕ್ಯಾನ್‌ನ ಗಣಿತ ಅದೇ. ಮ್ಯಾಟ್‌ಲ್ಯಾಬ್‌ನಲ್ಲಿ ಐರೇಡಾನ್ ಫಂಕ್ಷನ್ ಬಳಸಿದವರು ಅದರೊಳಗಿನ ಫಿಲ್ಟರ್ ಹೆಸರು ನೋಡಿ: ರಾಮ್-ಲ್ಯಾಕ್. ರಾಮಚಂದ್ರನ್ ಮತ್ತು ಲಕ್ಷ್ಮೀನಾರಾಯಣನ್!

ಈಗಿನ ಲ್ಯಾಬ್‌ಗಳಿಗೆ ಬೇಕಾಗಿರೋದೂ ಇಂಥದ್ದೇ. ಇಸಿಜಿ ತಗೊಳ್ಳಿ. ಚರ್ಮದ ಮೇಲೆ ಸಿಗುವ ಸಿಗ್ನಲ್ ಸುಮಾರು 1 ಮಿಲಿವೋಲ್ಟ್. ಅದರ ಮೇಲೆ ಕರೆಂಟಿನ 50 ಹರ್ಟ್ಜ್ ಗದ್ದಲ ಕೂತಿರುತ್ತೆ, ಉಸಿರಾಡಿದಾಗ ಇಡೀ ಗೆರೆ ಮೇಲೆ ಕೆಳಗೆ ತೇಲುತ್ತೆ. ಇದನ್ನ ದೊಡ್ಡದು ಮಾಡಿ, ಗದ್ದಲ ತೆಗೆದು, ಒಳಗಿನ ಬಡಿತ ಕೆಡಿಸದೆ ಕೊಡಬೇಕು. ಫಿಲ್ಟರ್ ಜಾಸ್ತಿ ಹಾಕಿದ್ರೆ ಗೆರೆ ಚೆಂದ ಕಾಣುತ್ತೆ, ಆದ್ರೆ ಡಾಕ್ಟರ್ ಹುಡುಕುವ ಸಣ್ಣ ಬದಲಾವಣೆಯೂ ಅಳಿಸಿ ಹೋಗಬಹುದು. ಎಲ್ಲಿ ನಿಲ್ಲಿಸಬೇಕು ಅನ್ನೋದಕ್ಕೆ ಸರ್ಕ್ಯೂಟೂ ಗೊತ್ತಿರಬೇಕು, ಹೃದಯವೂ ಸ್ವಲ್ಪ ಗೊತ್ತಿರಬೇಕು. ಅಂಥವರಿಗಾಗಿಯೇ ಆ ಜಾಹೀರಾತು.

ಎರಡನೇ ಪ್ರಶ್ನೆ: ಒಂದು ವರ್ಷ, ಆಮೇಲೆ?

ಇದಕ್ಕೆ ಉತ್ತರ ಜಾಹೀರಾತಿನ ಒಳಗೇ ಇರುತ್ತೆ, ನಾವು ಓದಲ್ಲ ಅಷ್ಟೇ. ಓದುವುದನ್ನ ಕಲಿಯೋಕೆ ನಾವೇ ಒಂದು ಮಾದರಿ ಕಟ್ಟಿದ್ದೀವಿ. ಇದು ಯಾವ ಸಂಸ್ಥೆಯದೂ ಅಲ್ಲ, ಆದ್ರೆ ಆಕಾರ ಹೆಚ್ಚು ಕಡಿಮೆ ಹೀಗೇ ಇರುತ್ತೆ.

ಹುದ್ದೆ: ಪ್ರಾಜೆಕ್ಟ್ ಅಸೋಸಿಯೇಟ್-1, ಒಂದು.
ಯೋಜನೆ: ಬಿಸಿಲಿನಲ್ಲಿ ದುಡಿಯುವವರ ಹೃದಯ ಬಡಿತದ ಅಧ್ಯಯನ.
ಅವಧಿ: ಮೊದಲು ಒಂದು ವರ್ಷ, ಕೆಲಸ ನೋಡಿ ಮುಂದುವರಿಕೆ. ಯೋಜನೆ ಮುಗಿದರೆ ಹುದ್ದೆಯೂ ಮುಗಿಯುತ್ತದೆ.
ಅವಶ್ಯ ಅರ್ಹತೆ: ವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಅಥವಾ ಇಂಜಿನಿಯರಿಂಗ್ ಪದವಿ.
ಅಪೇಕ್ಷಿತ: ಸಿಗ್ನಲ್ ಪ್ರೊಸೆಸಿಂಗ್, ಪೈಥಾನ್, ಮನುಷ್ಯರ ಮೇಲಿನ ಅಧ್ಯಯನದ ಅನುಭವ.
ಸಂಭಾವನೆ: ನಿಯಮದಂತೆ, ಜೊತೆಗೆ ಎಚ್‌ಆರ್‌ಎ.

ಒಂದೊಂದೇ ಸಾಲು ನೋಡೋಣ.

"ಯೋಜನೆ" ಸಾಲು ಮೊದಲು ಓದಿ, ಹುದ್ದೆಯ ಹೆಸರು ಆಮೇಲೆ. ಪ್ರೊಫೆಸರ್ ಒಬ್ಬರಿಗೆ ಸರ್ಕಾರದ ಯಾವುದೋ ಇಲಾಖೆ ಒಂದು ಕೆಲಸಕ್ಕೆ ದುಡ್ಡು ಕೊಟ್ಟಿರುತ್ತೆ. ಹೆಚ್ಚಾಗಿ ಡಿಎಸ್‌ಟಿ, ಡಿಬಿಟಿ ಅಥವಾ ಐಸಿಎಂಆರ್. ಆ ದುಡ್ಡಿನಲ್ಲೇ ನಿಮ್ಮ ಸಂಬಳ. ಅದಕ್ಕೇ ಯೋಜನೆ ಮುಗಿದ ದಿನ ಹುದ್ದೆ ಮುಗಿಯುತ್ತೆ. ಸಂದರ್ಶನದಲ್ಲಿ ಕೇಳಬೇಕಾದ ಪ್ರಶ್ನೆ ಇದು: "ಯೋಜನೆಯಲ್ಲಿ ಇನ್ನೂ ಎಷ್ಟು ತಿಂಗಳು ಬಾಕಿ ಇದೆ ಸರ್?" ಮೂರು ವರ್ಷದ ಯೋಜನೆಯ ಕೊನೆಯ ಎಂಟು ತಿಂಗಳಿಗೆ ಕರೆದಿದ್ರೂ ಜಾಹೀರಾತು ನೋಡೋಕೆ ಒಂದೇ ಥರ ಇರುತ್ತೆ.

"ಅವಶ್ಯ" ಮತ್ತು "ಅಪೇಕ್ಷಿತ" ಬೇರೆ ಬೇರೆ. ಅವಶ್ಯ ಇಲ್ಲದಿದ್ರೆ ಅರ್ಜಿ ಬಿದ್ದುಹೋಗುತ್ತೆ. ಅಪೇಕ್ಷಿತ ಅಂದ್ರೆ ಇದ್ರೆ ಒಳ್ಳೇದು, ಅಷ್ಟೇ. ಇದು ಸಣ್ಣ ವಿಷಯ ಅನ್ನಿಸಬಹುದು. ನಮ್ಮ ಒಬ್ಬ ಸೀನಿಯರ್ ಅಕ್ಕ ಇಂಥ ಒಂದು ಜಾಹೀರಾತಿನಲ್ಲಿ "ಸೆಲ್ ಕಲ್ಚರ್ ಅನುಭವ" ಅಂತ ನೋಡಿ ಅರ್ಜಿಯನ್ನೇ ಹಾಕಲಿಲ್ಲ. ಅದು ಅಪೇಕ್ಷಿತದ ಸಾಲಿನಲ್ಲಿತ್ತು. ಅವಶ್ಯ ಅರ್ಹತೆ ಎಲ್ಲವೂ ಅವರ ಹತ್ತಿರ ಇತ್ತು. ಕೆಲವು ತಿಂಗಳ ಮೇಲೆ ಆ ಕೆಲಸಕ್ಕೆ ಸೇರಿದವರ ಪರಿಚಯ ಆಯ್ತು. ಅವರೂ ಬಿಇ, ಅವರಿಗೂ ಸೆಲ್ ಕಲ್ಚರ್ ಗೊತ್ತಿರಲಿಲ್ಲ, ಹೋದ ಮೇಲೆ ಕಲಿತರಂತೆ. "ನನ್ನನ್ನ ಯಾರೂ ಬ್ಯಾಡ ಅಂದಿಲ್ಲ, ನಾನೇ ಬ್ಯಾಡ ಅಂದ್ಕೊಂಡೆ" ಅಂತ ಅಕ್ಕ ನಮಗೆ ಹೇಳಿದ್ರು. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೂ ಆ ಎರಡು ಪದದ ವ್ಯತ್ಯಾಸ ಕಣ್ಣಿಗೆ ಬಿದ್ದಿರಲಿಲ್ಲ.

ಹುದ್ದೆಯ ಹೆಸರುಗಳಲ್ಲೂ ಒಂದು ಗೊಂದಲ ಇದೆ. ಜೆಆರ್‌ಎಫ್ ಅನ್ನೋದು ಎರಡು ಅರ್ಥದಲ್ಲಿ ಬರುತ್ತೆ. ಸಿಎಸ್‌ಐಆರ್-ನೆಟ್‌ನಂಥ ಪರೀಕ್ಷೆ ಬರೆದು ಗೆಲ್ಲುವ ಫೆಲೋಶಿಪ್ ಒಂದು. ಅದು ನಿಮ್ಮ ಹೆಸರಿಗೆ ಬರುತ್ತೆ, ಅದನ್ನ ಹಿಡಕೊಂಡು ನೀವು ಲ್ಯಾಬ್ ಹುಡುಕಬಹುದು. ಇನ್ನೊಂದು, ಪ್ರಾಜೆಕ್ಟ್ ಒಳಗಿನ ಜೆಆರ್‌ಎಫ್ ಹುದ್ದೆ. ಅದು ಆ ಯೋಜನೆಗೆ ಕಟ್ಟಿದ್ದು. ಎರಡನೆಯದಕ್ಕೆ ಬಿಇ ಜೊತೆ ಗೇಟ್ ಅರ್ಹತೆ ಇದ್ರೆ ಸಾಮಾನ್ಯವಾಗಿ ನಡೆಯುತ್ತೆ. ಪ್ರಾಜೆಕ್ಟ್ ಅಸೋಸಿಯೇಟ್-1 ಹುದ್ದೆಗೆ ಗೇಟ್ ಇಲ್ಲದೆಯೂ ಅರ್ಜಿ ಹಾಕಬಹುದು, ಸಂಭಾವನೆ ಮಾತ್ರ ಕಡಿಮೆ. ಐಸಿಎಂಆರ್ ಯೋಜನೆಗಳಲ್ಲಿ ಪ್ರಾಜೆಕ್ಟ್ ಟೆಕ್ನಿಕಲ್ ಸಪೋರ್ಟ್ ಅಂತ ಬೇರೆ ಹೆಸರು ಇರುತ್ತೆ. ಹೆಸರು ನೋಡಿ ಹೆದರಬೇಡಿ, ಅರ್ಹತೆಯ ಸಾಲು ನೋಡಿ.

ಮೆಡಿಕಲ್ ಕಾಲೇಜಿನ ಫಿಸಿಯಾಲಜಿ ವಿಭಾಗದ ಬೋಧಕ ಹುದ್ದೆ ಇದಲ್ಲ ಅನ್ನೋದೂ ನೆನಪಿರಲಿ. ಅಲ್ಲಿ ಕೇಳೋದು ವೈದ್ಯಕೀಯ ವಿಷಯದ ಪದವಿ. ಬರೀ ಬಿಇ ಇಟ್ಟುಕೊಂಡು ಆ ಬಾಗಿಲು ತಟ್ಟಿದ್ರೆ ಉಪಯೋಗ ಇಲ್ಲ. ನಮಗೆ ತೆರೆದಿರೋದು ಸಂಶೋಧನೆಯ ಬಾಗಿಲು.

ಮೂರನೇ ಪ್ರಶ್ನೆ: ನೌಕರಿ ಏನು, ಓದೋದು ಏನು?

ಎರಡೂ ಹೌದು, ಎರಡೂ ಪೂರ್ತಿ ಅಲ್ಲ. ದುಡ್ಡಿನ ಲೆಕ್ಕ ಮೊದಲು ನೋಡೋಣ, ಮನೆಯಲ್ಲಿ ಕೇಳೋದು ಅದನ್ನೇ. 2023ರಲ್ಲಿ ಕೇಂದ್ರ ಸರ್ಕಾರ ಫೆಲೋಶಿಪ್ ಹೆಚ್ಚಿಸಿತು. ಅದರ ಪ್ರಕಾರ ಜೆಆರ್‌ಎಫ್‌ಗೆ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷ ಆದ ಮೇಲೆ ಕೆಲಸ ಪರಿಶೀಲಿಸಿ ಎಸ್‌ಆರ್‌ಎಫ್ ಮಾಡಿದ್ರೆ 42,000. ಜೊತೆಗೆ ಎಚ್‌ಆರ್‌ಎ ಬೇರೆ, ಬೆಂಗಳೂರಿನಂಥ ಊರಲ್ಲಿ ಹೆಚ್ಚು, ಸಣ್ಣ ಊರಲ್ಲಿ ಕಡಿಮೆ. ಪಿಎಚ್‌ಡಿ ಮುಗಿದ ಮೇಲೆ ರಿಸರ್ಚ್ ಅಸೋಸಿಯೇಟ್ ಆದ್ರೆ 58,000ದಿಂದ ಶುರು.

ಇದು ಕಡಿಮೆ ದುಡ್ಡೇನಲ್ಲ. ಆದ್ರೆ ಮುಚ್ಚಿಡಬಾರದ ಮಾತೂ ಇವೆ. ಇದು ಪರ್ಮನೆಂಟ್ ಅಲ್ಲ. ಅನುದಾನ ತಡ ಆದ್ರೆ ಸಂಭಾವನೆಯೂ ತಡ ಆಗಬಹುದು, ಮನೆ ಬಾಡಿಗೆ ತಡ ಆಗಲ್ಲ. ನಮ್ಮ ಭಾಗಕ್ಕೆ ಇರುವ 371(ಜೆ) ಮೀಸಲಾತಿ ರಾಜ್ಯದ ವ್ಯವಸ್ಥೆಗೆ ಸೇರಿದ್ದು. ಕೇಂದ್ರ ಸಂಸ್ಥೆಗಳ ಪ್ರಾಜೆಕ್ಟ್ ಹುದ್ದೆಗೆ ಅದನ್ನ ನಂಬಿಕೊಂಡು ಹೋಗೋಕಾಗಲ್ಲ. ಮನೆಯಲ್ಲಿ ಸಾಲ ಇದ್ದು, ಮೊದಲ ತಿಂಗಳಿನಿಂದಲೇ ದುಡ್ಡು ಕಳಿಸಬೇಕಾದವರು ಮೊದಲು ಕಂಪನಿಗೆ ಹೋದ್ರೆ ಅದು ಸೋಲಲ್ಲ. ಎರಡು ವರ್ಷ ಕೆಲಸ ಮಾಡಿ ಆಮೇಲೆ ಗೇಟ್ ಬರೆದು ಬರುವವರೂ ಇದ್ದಾರೆ.

ಹಾಗಾದ್ರೆ ಯಾಕೆ ಹೋಗಬೇಕು? ಇದು ಒಂದು ಸೇತುವೆ ಅನ್ನೋ ಕಾರಣಕ್ಕೆ. ಬಿಇ ಮುಗಿಸಿ ಸೀದಾ ಪಿಎಚ್‌ಡಿಗೆ ಹೋಗಬಹುದು ಅಂತ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತೇ ಇಲ್ಲ. ಯುಜಿಸಿಯ 2022ರ ನಿಯಮದ ಪ್ರಕಾರ ನಾಲ್ಕು ವರ್ಷದ ಪದವಿಯಲ್ಲಿ 75 ಪ್ರತಿಶತ ಇದ್ದವರು ಪಿಎಚ್‌ಡಿ ಪ್ರವೇಶಕ್ಕೆ ಅರ್ಹರು. ಐದು ವರ್ಷ ಅದರಲ್ಲಿ ಇಳಿಯುವ ಮೊದಲು, ಲ್ಯಾಬ್‌ನ ಬದುಕು ನಮಗೆ ಹಿಡಿಸುತ್ತಾ ಅಂತ ಒಂದು ವರ್ಷ ಇದ್ದು ನೋಡುವುದು ಬುದ್ಧಿವಂತಿಕೆ. ಸಂಬಳ ತಗೊಂಡೇ ನೋಡಬಹುದಲ್ಲ!

ಎಲ್ಲಿ ಹುಡುಕಬೇಕು?

ಕರ್ನಾಟಕದಲ್ಲಿ ಮೊದಲು ನೋಡಬೇಕಾದ್ದು ಬೆಂಗಳೂರು. ಐಐಎಸ್‌ಸಿಯ ಬಯೋಇಂಜಿನಿಯರಿಂಗ್ ವಿಭಾಗ, ನಿಮ್ಹಾನ್ಸ್‌ನ ನ್ಯೂರೋಫಿಸಿಯಾಲಜಿ ವಿಭಾಗ, ಎನ್‌ಸಿಬಿಎಸ್, ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ. ಬೆಳಗಾವಿಯಲ್ಲಿ ಐಸಿಎಂಆರ್‌ನ ಸಾಂಪ್ರದಾಯಿಕ ವೈದ್ಯ ಪದ್ಧತಿಯ ಸಂಸ್ಥೆ ಇದೆ. ಅದರ ಜೊತೆ ಜೋಡಿಸಿದ ಗ್ರಾಮೀಣ ಆರೋಗ್ಯ ಸಂಶೋಧನಾ ಘಟಕ ರಾಯಚೂರು ಜಿಲ್ಲೆಯ ಸಿರವಾರದಲ್ಲಿದೆ. ಹೈದರಾಬಾದ್ ಮರೀಬೇಡಿ, ನಮಗೆ ಬೆಂಗಳೂರಿಗಿಂತ ಅದೇ ಹತ್ತಿರ. ಅಲ್ಲಿ ಸಿಸಿಎಂಬಿ ಇದೆ, ರಾಷ್ಟ್ರೀಯ ಪೋಷಣಾ ಸಂಸ್ಥೆ ಇದೆ. ಜಾಹೀರಾತು ಬರೋದು ಆಯಾ ಸಂಸ್ಥೆಯ ಸ್ವಂತ ವೆಬ್‌ಸೈಟಿನ ನೇಮಕಾತಿ ಪುಟದಲ್ಲಿ. ಎರಡು ಮೂರು ವಾರ ಅಷ್ಟೇ ತೆರೆದಿರುತ್ತೆ, ಕೆಲವು ನೇರ ಸಂದರ್ಶನ. ಅರ್ಜಿಗೆ, ಸಂದರ್ಶನಕ್ಕೆ ಮುಂಗಡ ದುಡ್ಡು ಕೇಳಿ ಯಾರಾದ್ರೂ ಫೋನ್ ಮಾಡಿದ್ರೆ ಸಂಸ್ಥೆಯ ಪುಟದಲ್ಲಿ ಪರೀಕ್ಷಿಸದೆ ಒಂದು ರೂಪಾಯಿಯೂ ಕಳಿಸಬೇಡಿ.

ಕಲಬುರಗಿಯಲ್ಲಿ ಇಂಥ ಹುದ್ದೆ ಕಡಿಮೆ. ಆದ್ರೆ ಕಲಿಯುವ ಜಾಗ ಕಡಿಮೆ ಇಲ್ಲ. 1963ರಲ್ಲಿ ಶುರುವಾದ ಎಂಆರ್‌ಎಂಸಿ, ಜಿಮ್ಸ್, ಇಎಸ್‌ಐಸಿ, ಕೆಬಿಎನ್, ಹೀಗೆ ನಾಲ್ಕು ಮೆಡಿಕಲ್ ಕಾಲೇಜು ಒಂದೇ ಊರಲ್ಲಿವೆ. ಎಂಬಿಬಿಎಸ್ ಮೊದಲ ವರ್ಷಕ್ಕೆ ಫಿಸಿಯಾಲಜಿ ಕಡ್ಡಾಯ, ಅಂದ್ರೆ ಆಟೋ ಹಿಡಿದು ಹೋಗುವಷ್ಟು ದೂರದಲ್ಲಿ ನಾಲ್ಕು ಫಿಸಿಯಾಲಜಿ ವಿಭಾಗ! ಜಯದೇವ ಹೃದ್ರೋಗ ಆಸ್ಪತ್ರೆಯ ಹೊಸ ಕಟ್ಟಡ 2024ರ ಡಿಸೆಂಬರ್‌ನಲ್ಲಿ ಉದ್ಘಾಟನೆ ಆಯ್ತು, 371 ಹಾಸಿಗೆಯದು. ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ ಬಯೋಕೆಮಿಸ್ಟ್ರಿ, ಬಯೋಟೆಕ್ನಾಲಜಿ ವಿಭಾಗಗಳಿವೆ. ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ ಇದೆ. ನಮ್ಮ ಕಾಲೇಜಿನ ಎಚ್‌ಒಡಿ ಕಡೆಯಿಂದ ಒಂದು ಪತ್ರ ತಗೊಂಡು ಹೋಗಿ, "ನಿಮ್ಮ ಲ್ಯಾಬ್‌ನಲ್ಲಿ ಯಾವ ಅಳತೆ ಮಾಡೋದು ಕಷ್ಟ ಆಗ್ತಿದೆ?" ಅಂತ ಕೇಳಿದ್ರೆ ಫೈನಲ್ ಇಯರ್ ಪ್ರಾಜೆಕ್ಟ್ ಅಲ್ಲೇ ಸಿಗಬಹುದು.

ಈಗಲೇ ಏನು ಮಾಡಬಹುದು?

ಎರಡನೇ ವರ್ಷ: ಒಂದು ಫಿಸಿಯಾಲಜಿ ಪುಸ್ತಕದಲ್ಲಿ ಹೃದಯ, ನರ, ಉಸಿರಾಟದ ಮೂರು ಅಧ್ಯಾಯ ಓದಿ. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ನಡೆಸುವ ಸಮ್ಮರ್ ರಿಸರ್ಚ್ ಫೆಲೋಶಿಪ್‌ಗೆ ಅರ್ಜಿ ಹಾಕಿ. ಎರಡು ತಿಂಗಳು ದೊಡ್ಡ ಲ್ಯಾಬ್‌ನಲ್ಲಿ ಇರೋಕೆ ಸಿಗುತ್ತೆ. ಅರ್ಜಿ ಕರೆಯೋದು ಬೇಸಿಗೆಯಲ್ಲಲ್ಲ, ಅದಕ್ಕೆ ಮೊದಲಿನ ವರ್ಷದ ಕೊನೆಯ ತಿಂಗಳುಗಳಲ್ಲಿ.

ಮೂರನೇ ವರ್ಷ: ಗೇಟ್ ಈಗ ಮೂರನೇ ವರ್ಷದಲ್ಲೇ ಬರೆಯಬಹುದು, ಸ್ಕೋರ್ ಮೂರು ವರ್ಷ ನಡೆಯುತ್ತೆ. 2020ರಿಂದ ಬಯೋಮೆಡಿಕಲ್ ಇಂಜಿನಿಯರಿಂಗ್ ಅಂತಲೇ ಒಂದು ಪತ್ರಿಕೆ ಇದೆ. ಇಸಿ, ಇಇ, ಮೆಕ್ಯಾನಿಕಲ್‌ನವರು ತಮ್ಮದೇ ಪತ್ರಿಕೆ ಬರೆದರೂ ತೊಂದರೆ ಇಲ್ಲ.

ನಾಲ್ಕನೇ ವರ್ಷ: ಪ್ರಾಜೆಕ್ಟ್‌ಗೆ ಕೆಎಸ್‌ಸಿಎಸ್‌ಟಿಯ ವಿದ್ಯಾರ್ಥಿ ಯೋಜನೆ ಕಾರ್ಯಕ್ರಮದಿಂದ ಸಹಾಯಧನ ಕೇಳಬಹುದು. ಮನುಷ್ಯರ ಮೇಲೆ ಅಧ್ಯಯನ ಮಾಡುವುದಾದ್ರೆ ಸಂಸ್ಥೆಯ ಎಥಿಕ್ಸ್ ಕಮಿಟಿಯ ಒಪ್ಪಿಗೆ ಮೊದಲು, ಎಲೆಕ್ಟ್ರೋಡ್ ಆಮೇಲೆ. ಹಾಸ್ಟೆಲ್ ಗೆಳೆಯನೇ ಆದ್ರೂ ಅದೇ ನಿಯಮ. ಕರೆಂಟಿಗೆ ನೇರ ಜೋಡಿಸಿದ ಮನೆಯಲ್ಲೇ ಮಾಡಿದ ಸರ್ಕ್ಯೂಟನ್ನ ಯಾರ ಮೈಗೂ ಹಚ್ಚಬೇಡಿ.

ಒಂದು ಮನೆಗೆಲಸ ಕೊಡ್ತೀವಿ. ಫಿಸಿಯೋನೆಟ್‌ನಲ್ಲಿ ಎಂಐಟಿ-ಬಿಐಎಚ್ ಅನ್ನೋ ಇಸಿಜಿ ಸಂಗ್ರಹ ಉಚಿತ ಇದೆ. 48 ದಾಖಲೆ, ಪ್ರತಿಯೊಂದೂ ಸುಮಾರು ಅರ್ಧ ತಾಸಿನದು, ಸೆಕೆಂಡಿಗೆ 360 ಸ್ಯಾಂಪಲ್. ಒಂದು ದಾಖಲೆ ಇಳಿಸಿ, ಪೈಥಾನ್‌ನಲ್ಲಿ ಗೆರೆ ಬಿಡಿಸಿ, ಎತ್ತರದ ಎರಡು ಶಿಖರಗಳ ನಡುವೆ ಎಷ್ಟು ಸ್ಯಾಂಪಲ್ ಇದೆ ಎಣಿಸಿ. 288 ಬಂದ್ರೆ 288 ಭಾಗಿಸು 360, ಅಂದ್ರೆ 0.8 ಸೆಕೆಂಡ್. 60 ಅನ್ನ 0.8ರಿಂದ ಭಾಗಿಸಿದ್ರೆ ನಿಮಿಷಕ್ಕೆ 75 ಬಡಿತ. ಇದನ್ನ ಇಡೀ ದಾಖಲೆಗೆ ತಾನಾಗಿ ಮಾಡುವ ಪ್ರೋಗ್ರಾಂ ಬರೆಯಿರಿ, ಎಲ್ಲಿ ತಪ್ಪುತ್ತೆ ಅಂತ ಟಿಪ್ಪಣಿ ಮಾಡಿ. ಆ ತಪ್ಪುಗಳ ಪಟ್ಟಿ ಇಟ್ಟುಕೊಂಡು ಸಂದರ್ಶನಕ್ಕೆ ಹೋದ್ರೆ ಮಾತಾಡೋಕೆ ನಿಮ್ಮದೇ ಒಂದು ವಿಷಯ ಇರುತ್ತೆ.

ಮತ್ತೆ ಕಮಲಾಪುರ

ಮೇ ತಿಂಗಳಲ್ಲಿ ನಾವು ಮತ್ತೆ ಹೋದ್ವಿ. ಮೂರೂ ಉತ್ತರ ಹೇಳಿದ್ವಿ. ಅಪ್ಪ ಕೇಳಿಸಿಕೊಂಡ್ರು. ಆಮೇಲೆ ಅವರೇ ಇನ್ನೊಂದು ಕೇಳಿದ್ರು: "ಮಧ್ಯಾಹ್ನ ತ್ವಾಟದಾಗ ಗೊನಿ ಹೊತ್ತಾಗ ಎದಿ ಡವಡವ ಅಂತದ. ಮುಂಜಾನಿ ಅದೇ ಗೊನಿ ಹೊತ್ರ ಏನೂ ಆಗಂಗಿಲ್ಲ. ಅದ್ಯಾಕ?"

ಇದಕ್ಕೆ ನಮಗೆ ಉತ್ತರ ಗೊತ್ತಿತ್ತು. ನಮ್ಮ ಬೇಸಿಗೆಯಲ್ಲಿ ಗಾಳಿ 40 ಡಿಗ್ರಿ ದಾಟುತ್ತೆ, ಚರ್ಮ ಸುಮಾರು 35. ಆಗ ಗಾಳಿ ಮೈಯನ್ನ ತಣಿಸಲ್ಲ, ಮೈಗೇ ಶಾಖ ಕೊಡುತ್ತೆ. ಉಳಿದಿರೋದು ಬೆವರು ಒಂದೇ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದ್ರೆ ಸುಮಾರು 2,400 ಕಿಲೋಜೂಲ್ ಶಾಖ ಒಯ್ಯುತ್ತೆ, ಒಂದು ತಾಸಿಗೆ ಲೆಕ್ಕ ಹಾಕಿದ್ರೆ ಹತ್ತಿರ ಹತ್ತಿರ 670 ವಾಟ್. ಆ ಕೆಲಸಕ್ಕೆ ರಕ್ತ ಚರ್ಮದ ಕಡೆಗೂ ಹೋಗಬೇಕು, ಗೊನೆ ಹೊರುವ ಸ್ನಾಯುವಿಗೂ ಹೋಗಬೇಕು, ಅದೇ ಹೊತ್ತಿಗೆ ಬೆವರಿನಿಂದ ನೀರು ಕಡಿಮೆ ಆಗಿರುತ್ತೆ. ಹೃದಯ ಜೋರಾಗಿ ಬಡಿಯಲೇಬೇಕು. ಹೀಗೆ ಹೇಳಿ, ಪದೇ ಪದೇ ನೀರು ಕುಡಿರಿ, ಭಾರದ ಕೆಲಸ ಮುಂಜಾನೆ ಇಟ್ಕೊಳ್ಳಿ, ತಲೆ ತಿರುಗಿದ್ರೆ ದವಾಖಾನಿಗೆ ಹೋಗಿ ಅಂದ್ವಿ.

"ಎಷ್ಟು ಹೊತ್ತು ಮಾಡಿದ್ರ ಜ್ವಾಕಿ, ಎಷ್ಟಕ್ಕ ನಿಲ್ಲಸಬೇಕು?" ಅಂತ ಕೇಳಿದ್ರು.

ಅದಕ್ಕೆ ನಮ್ಮ ಹತ್ತಿರ ಉತ್ತರ ಇರಲಿಲ್ಲ. ಅವರ ವಯಸ್ಸಿಗೆ, ಅವರ ತೋಟಕ್ಕೆ, ಅವರ ಬಿಸಿಲಿಗೆ ಅಳೆದು ನೋಡದೆ ಹೇಳೋಕಾಗಲ್ಲ. ಮೇಲೆ ನಾವು ಕಟ್ಟಿದ ಮಾದರಿ ಜಾಹೀರಾತಿನ ಯೋಜನೆ ಬಂದದ್ದು ಈ ಪ್ರಶ್ನೆಯಿಂದಲೇ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ್ರು: "ಹಂಗಾದ್ರ ಇದು ಕೆಲಸನೇ ಅದ. ಅರ್ಜಿ ಹಾಕ್ರಿ."

ಅರ್ಜಿ ಹಾಕೋಕೆ ನಮಗೆ ಇನ್ನೂ ಎರಡು ವರ್ಷ ಇದೆ. ಅಲ್ಲಿ ತನಕ ಪ್ರತಿ ತಿಂಗಳ ಮೊದಲ ಶನಿವಾರ ಕ್ಲಾಸ್ ಮುಗಿದ ಮೇಲೆ ಕನ್ನಡ ಸಂಘದ ಕೋಣೆಯಲ್ಲಿ ಒಂದೊಂದು ಜಾಹೀರಾತು ಓದೋಣ ಅಂದುಕೊಂಡಿದ್ದೀವಿ. ಅವಶ್ಯ ಯಾವುದು, ಅಪೇಕ್ಷಿತ ಯಾವುದು ಅಂತ ಗೆರೆ ಎಳೆದು ತನ್ನಿ. ಯಾವ ಬ್ರಾಂಚ್ ಆದ್ರೂ ಬನ್ನಿ.